ಅಶ್ವಕೃಮಿ: ಲಕ್ಷಣದಿಂದ ನಿದಾನದವರೆಗೆ

ದಕ್ಷಿಣ ಭಾರತದ ರಾಜ್ಯಗಳ ಬಲವನ್ನು ಅಳೆಯುವಾಗ ಆನೆ, ಕುದುರೆ, ಕಾಲಾಳುಗಳನ್ನು ಎಣಿಸುವುದು ಪ್ರಾಚೀನರ ಪದ್ಧತಿ. ಇವುಗಳಲ್ಲಿ ಆನೆ ಈ ನಾಡಿನ ಕಾಡುಗಳಲ್ಲಿಯೇ ಹುಟ್ಟಿದುದು. ಕಾಲಾಳು ಈ ನೆಲದ ಮಗ. ಕುದುರೆಯಾದರೋ ಬಹುಮಟ್ಟಿಗೆ ಕಡಲನ್ನು ದಾಟಿ ಬಂದ ಸಂಪತ್ತು. ಅರಬಸ್ಥಾನ ಮತ್ತು ಪಾರಸಿಕ ದೇಶಗಳ ಕುದುರೆಗಳು ಹಡಗುಗಳಲ್ಲಿ ಬಂದು ಪಶ್ಚಿಮ ಕರಾವಳಿಯ ರೇವುಗಳಲ್ಲಿ ಇಳಿದು, ಘಟ್ಟವನ್ನೇರಿ ರಾಜಧಾನಿಗಳ ಲಾಯಗಳನ್ನು ಸೇರುತ್ತಿದ್ದವು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಅವುಗಳಲ್ಲಿ ಹಾರ್ಮುಜಿನವೂ ದೇಶೀಯವೂ ಇದ್ದವೆಂದೂ ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ.

ಹೀಗೆ ಹೊನ್ನನ್ನು ಸುರಿದು ತಂದ ಪ್ರಾಣಿಯನ್ನು ಉಳಿಸಿಕೊಳ್ಳುವುದು ತರುವುದಕ್ಕಿಂತ ಕಠಿಣವಾಗಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ರಾಜ್ಯವನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಯ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುವರೆಂದೂ ವರ್ಷ ತುಂಬುವ ಹೊತ್ತಿಗೆ ಅವುಗಳಲ್ಲಿ ನೂರು ಕೂಡ ಉಳಿಯುವುದಿಲ್ಲವೆಂದೂ ಹೇಳುತ್ತಾನೆ. ಆರೈಕೆಯನ್ನು ಬಲ್ಲವರಿಲ್ಲದಿರುವುದೇ ಇದಕ್ಕೆ ಕಾರಣವೆಂಬುದು ಅವನ ಅಭಿಪ್ರಾಯ. ಕುದುರೆಯನ್ನು ಮಾರುವ ವರ್ತಕರು ಕುದುರೆಯ ವೈದ್ಯನನ್ನು ಮಾತ್ರ ಆ ದೇಶಕ್ಕೆ ಬರಗೊಡುತ್ತಿರಲಿಲ್ಲವೆಂದೂ ಅವನು ಸೇರಿಸುತ್ತಾನೆ. ಅವನ ಮಾತಿನಲ್ಲಿ ಅತಿಶಯವಿರಬಹುದು. ಆದರೆ ಕುದುರೆಯ ರೋಗವನ್ನು ಹೊತ್ತಿಗೆ ಮುಂಚೆ ಗುರುತಿಸುವ ವಿದ್ಯೆ ರಾಜ್ಯದ ಬೊಕ್ಕಸಕ್ಕೂ ರಾಜ್ಯದ ರಕ್ಷಣೆಗೂ ಸಂಬಂಧಿಸಿದ ವಿದ್ಯೆಯಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆ ರೋಗಗಳಲ್ಲಿ ಅತ್ಯಂತ ಸಾಮಾನ್ಯವೂ ಅತ್ಯಂತ ಗುಪ್ತವೂ ಆದುದು ಕೃಮಿರೋಗ. ಅದನ್ನು ಮಾನವನು ಹೇಗೆ ಗುರುತಿಸುತ್ತ ಬಂದನೆಂಬುದನ್ನು ವಿಚಾರಿಸಿದರೆ, ಹೊರಗಿನ ಚಿಹ್ನೆಯನ್ನು ಕಾಣುವುದಕ್ಕೂ ಒಳಗಿನ ಕಾರಣವನ್ನು ಅರಿಯುವುದಕ್ಕೂ ನಡುವೆ ಎಷ್ಟು ದೀರ್ಘವಾದ ದಾರಿಯಿದೆಯೆಂಬುದು ತಿಳಿದುಬರುತ್ತದೆ.

ಭಾರತೀಯ ಅಶ್ವಶಾಸ್ತ್ರದಲ್ಲಿ ‘ಲಕ್ಷಣ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕುದುರೆಯ ಮೈಬಣ್ಣ, ಅಂಗಪ್ರಮಾಣ, ಹಣೆ ಎದೆಗಳ ಮೇಲಿನ ಸುಳಿ ಇವುಗಳಿಂದ ಒಡೆಯನಿಗಾಗುವ ಶುಭಾಶುಭವನ್ನು ಹೇಳುವುದು ಒಂದು. ರೋಮ, ಕಣ್ಣು, ನಾಲಗೆ, ಲದ್ದಿ, ನಡಿಗೆ ಇವುಗಳಿಂದ ಕುದುರೆಗೇ ಆಗಿರುವ ಬಾಧೆಯನ್ನು ಅರಿಯುವುದು ಮತ್ತೊಂದು. ಮೊದಲನೆಯದು ಒಡೆಯನ ಭಾಗ್ಯವನ್ನು ಕುರಿತದ್ದು. ಎರಡನೆಯದು ಪ್ರಾಣಿಯ ನೋವನ್ನು ಕುರಿತದ್ದು. ಸುಳಿ ನೋಡಿ ಕುದುರೆ, ದನಗಳನ್ನು ಕೊಳ್ಳುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಬೇರೂರಿ ನಿಂತಿತು. ಸುಳಿ ನೋಡುವ ಕಣ್ಣಿಗೆ ಒಂದು ಸಲದ ನೋಟ ಸಾಕು; ರೋಗಲಕ್ಷಣವನ್ನು ನೋಡುವ ಕಣ್ಣು ಪ್ರತಿದಿನವೂ ಲಾಯದಲ್ಲಿ ಎಚ್ಚತ್ತಿರಬೇಕಾಗುತ್ತದೆ.

ಈ ಎರಡನ್ನೂ ಒಳಗೊಂಡ ಗ್ರಂಥಪರಂಪರೆ ನಮ್ಮಲ್ಲಿ ದೊಡ್ಡದು. ಶಾಲಿಹೋತ್ರನು ಅಶ್ವಶಾಸ್ತ್ರದ ಮೂಲಪುರುಷನೆಂದು ಪ್ರಸಿದ್ಧಿ. ನಕುಲನ ಹೆಸರಿನಲ್ಲಿ ಅಶ್ವಚಿಕಿತ್ಸೆಯ ಗ್ರಂಥವೊಂದಿದೆ. ಜಯದತ್ತನ ‘ಅಶ್ವವೈದ್ಯಕ’ ಪಂಡಿತರಿಗೆ ಪರಿಚಿತವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ವಿಚಾರ ವಿಸ್ತಾರವಾಗಿ ಬಂದಿದೆ. ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಪಶುವೈದ್ಯಕ್ಕೆ ದಾರಿ ತೆರೆಯಿತು. ಸುಮಾರು 1400ರಲ್ಲಿದ್ದ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿ ಬರೆದನು. ಕೆಳದಿಯ ವೀರಶೈವ ಅರಸ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶದಲ್ಲಿಯೂ ಅಶ್ವವಿಷಯಕ್ಕೆ ಸ್ಥಾನ ದೊರೆತಿದೆ. ಶಿವತತ್ತ್ವವನ್ನು ನಿರೂಪಿಸಲು ಹೊರಟ ಮಹಾಗ್ರಂಥವೊಂದು ಲಾಯದ ವಿದ್ಯೆಯನ್ನು ಹೊರಗಿಡದಿದ್ದುದು ಗಮನಾರ್ಹವಾದ ಸಂಗತಿ. ಶಾಲಿಹೋತ್ರ ಪರಂಪರೆಯ ಗ್ರಂಥಗಳು ಪಾರಸಿ ಭಾಷೆಗೂ ಹೋದವು. ಅಲ್ಲಿಂದ 1788ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿಗೂ ಬಂದವು. ಹಿಂದೂಸ್ತಾನಿಯಲ್ಲಿ ಕುದುರೆಯ ವೈದ್ಯನಿಗೆ ‘ಸಾಲೋತ್ರಿ’ ಎಂಬ ಹೆಸರು ನಿಂತುದು ಆ ಋಷಿಯ ನಾಮಧೇಯದಿಂದಲೇ.

ಅಶ್ವವೈದ್ಯವು ಮನುಷ್ಯವೈದ್ಯದಿಂದ ಬೇರೆಯಾದ ಶಾಸ್ತ್ರವಲ್ಲ; ವಾತ, ಪಿತ್ತ, ಕಫಗಳ ಸಿದ್ಧಾಂತವೇ ಅದಕ್ಕೂ ಆಧಾರ. ಆದುದರಿಂದ ಕೃಮಿಯ ವಿಷಯದಲ್ಲಿ ಚರಕನ ವಿಚಾರವನ್ನು ಇಲ್ಲಿ ನೆನೆಯಬೇಕು. ದೇಹದೊಂದಿಗೆ ಸಹಜವಾಗಿರುವ, ಕೆಡುಕು ಮಾಡದ ಕೃಮಿಗಳನ್ನು ಬಿಟ್ಟು, ಬಾಧಕವಾದ ಕೃಮಿಗಳು ಇಪ್ಪತ್ತು ವಿಧವೆಂದು ಅವನು ಎಣಿಸುತ್ತಾನೆ. ಮೈಕೊಳೆ, ರಕ್ತ, ಕಫ, ಮಲ ಎಂಬ ನಾಲ್ಕು ಆಶ್ರಯಗಳಿಂದ ಅವುಗಳನ್ನು ವಿಂಗಡಿಸುತ್ತಾನೆ. ಚಿಕಿತ್ಸೆಯನ್ನು ಮೂರು ಮೆಟ್ಟಿಲುಗಳಲ್ಲಿ ಹೇಳುತ್ತಾನೆ: ಕೃಮಿಯನ್ನು ಹೊರಕ್ಕೆಳೆದು ತೆಗೆಯುವ ಅಪಕರ್ಷಣ, ಅದು ಬೆಳೆಯಲು ಅನುಕೂಲವಾದ ಒಳಸ್ಥಿತಿಯನ್ನು ಕೆಡಿಸುವ ಪ್ರಕೃತಿವಿಘಾತ, ಅದು ಹುಟ್ಟುವ ಕಾರಣವನ್ನೇ ದೂರವಿಡುವ ನಿದಾನಪರಿವರ್ಜನ. ವಾಯುವಿಳಂಗ, ಮುತ್ತುಗದ ಬೀಜ ಮೊದಲಾದ ಔಷಧಗಳು ಮೊದಲ ಎರಡು ಮೆಟ್ಟಿಲುಗಳಿಗೆ ಸೇರಿದವು. ಮೂರನೆಯದು ಔಷಧದಿಂದ ಆಗುವುದಲ್ಲ, ನಡೆವಳಿಯಿಂದ ಆಗತಕ್ಕದ್ದು. ಈ ಮೂರನೆಯ ಮೆಟ್ಟಿಲಿನ ಮಹತ್ತ್ವ ಎಷ್ಟೆಂಬುದನ್ನು ಮುಂದಿನ ಇತಿಹಾಸ ತೋರಿಸಿಕೊಟ್ಟಿತು.

ಕೃಮಿಬಾಧೆಯಿರುವ ಕುದುರೆಯಲ್ಲಿ ಕಣ್ಣಿಗೆ ಕಾಣುವ ಚಿಹ್ನೆಗಳು ಹಲವು. ರೋಮ ಹೊಳಪುಗೆಟ್ಟು ಒರಟಾಗಿ ನಿಲ್ಲುತ್ತದೆ. ಹುಲ್ಲು ಹುರುಳಿಗಳನ್ನು ಹೊಟ್ಟೆತುಂಬ ತಿಂದರೂ ಬೆನ್ನೆಲುಬು, ಪಕ್ಕೆಲುಬುಗಳು ಎದ್ದು ಕಾಣುತ್ತವೆ. ಎಳೆಯ ಮರಿಯಾದರೆ ಮೈ ಸೊರಗಿ ಹೊಟ್ಟೆ ಮಾತ್ರ ಜೋಲುತ್ತದೆ. ಒಸಡು ಬಿಳಿಚಿಕೊಳ್ಳುತ್ತದೆ, ಹೊಟ್ಟೆಯ ಅಡಿಯಲ್ಲಿ ಬಾವು ಇಳಿಯುವುದುಂಟು. ಲದ್ದಿ ನೀರಾಗಿ ಹೋಗುತ್ತದೆ. ಉದರಶೂಲೆ ಬಂದಾಗ ಕುದುರೆ ಮತ್ತೆ ಮತ್ತೆ ತನ್ನ ಪಕ್ಕೆಯತ್ತ ತಿರುಗಿ ನೋಡುತ್ತದೆ, ಮುಂಗಾಲಿನ ಗೊರಸಿನಿಂದ ನೆಲವನ್ನು ಕೆರೆಯುತ್ತದೆ, ಬೆವರುತ್ತದೆ, ಬಿದ್ದು ಹೊರಳುತ್ತದೆ. ಇವೆಲ್ಲ ಮಾತಿಲ್ಲದ ಪ್ರಾಣಿ ತನ್ನ ನೋವನ್ನು ಹೇಳಿಕೊಳ್ಳುವ ಬಗೆಗಳು.

ಈ ಚಿಹ್ನೆಗಳಲ್ಲಿ ಕೆಲವು ನಿರ್ದಿಷ್ಟ ಕೃಮಿಯನ್ನೇ ಬೊಟ್ಟುಮಾಡಿ ತೋರಿಸುತ್ತವೆಂಬುದು ಈಗ ತಿಳಿದಿದೆ. ಒಂದು ಗೇಣನ್ನು ಮೀರಿ ಬೆಳೆಯುವ ದುಂಡುಹುಳು ಮುಖ್ಯವಾಗಿ ಮರಿಗಳನ್ನು ಬಾಧಿಸುತ್ತದೆ. ಅದರ ಮರಿಹುಳುಗಳು ಕರುಳಿನಿಂದ ಹೊರಟು, ಯಕೃತ್ತು ಶ್ವಾಸಕೋಶಗಳನ್ನು ಹಾಯ್ದು, ಗಂಟಲಿಗೆ ಬಂದು, ನುಂಗಲ್ಪಟ್ಟು ಮತ್ತೆ ಕರುಳನ್ನು ಸೇರುತ್ತವೆ. ಕುದುರೆಮರಿಯ ಕೆಮ್ಮಿಗೆ ಹೊಟ್ಟೆಯ ಹುಳುವೇ ಕಾರಣವಾಗಿರಬಹುದೆಂಬ ವಿಚಿತ್ರಕ್ಕೆ ಈ ಸಂಚಾರವೇ ಸಮಾಧಾನ. ಸೂಜಿಹುಳುವಿನ ಹೆಣ್ಣು ಗುದದ್ವಾರದ ಸುತ್ತ ಮೊಟ್ಟೆಗಳನ್ನು ಅಂಟಿಸುತ್ತದೆ. ಆ ತುರಿಕೆಯಿಂದ ಕುದುರೆ ಬಾಲದ ಬುಡವನ್ನು ಗೋಡೆಗೂ ಕಂಬಕ್ಕೂ ಉಜ್ಜಿ ಉಜ್ಜಿ ಕೂದಲನ್ನು ಕಳೆದುಕೊಳ್ಳುತ್ತದೆ. ಮುಂಗಾಲಿನ ರೋಮಗಳಿಗೆ ಅಂಟಿದ ಹಳದಿ ಚುಕ್ಕೆಗಳು ಒಂದು ಜಾತಿಯ ನೊಣದ ಮೊಟ್ಟೆಗಳು. ಕುದುರೆ ಅಲ್ಲಿ ನೆಕ್ಕಿದಾಗ ಮರಿಹುಳುಗಳು ಬಾಯಿಯನ್ನು ಸೇರಿ, ಜಠರದ ಗೋಡೆಯನ್ನು ಕಚ್ಚಿಕೊಂಡು ತಿಂಗಳುಗಟ್ಟಲೆ ಉಳಿಯುತ್ತವೆ.

ಆದರೆ ಉಳಿದ ಚಿಹ್ನೆಗಳು ಅಷ್ಟು ಸರಳವಾಗಿ ಮಾತನಾಡುವುದಿಲ್ಲ. ಮೈ ಸೊರಗುವುದು ಹಲ್ಲಿನ ದೋಷದಿಂದಲೂ ಆಗಬಹುದು, ಮೇವಿನ ಕೊರತೆಯಿಂದಲೂ ಆಗಬಹುದು. ಒಂದೇ ಚಿಹ್ನೆ ಎರಡು ಕಾರಣಗಳಿಂದ ಹುಟ್ಟಿ ವೈದ್ಯರನ್ನು ದಾರಿತಪ್ಪಿಸುವುದುಂಟು. ಇದಕ್ಕೆ ಭಾರತದಲ್ಲಿಯೇ ನಡೆದ ಒಂದು ನಿದರ್ಶನ ಅಶ್ವವೈದ್ಯದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಯೂರೋಪಿನಲ್ಲಿ ಪಶುವೈದ್ಯಕ್ಕೆಂದೇ ಮೊದಲ ಪಾಠಶಾಲೆ ಫ್ರಾನ್ಸಿನ ಲಿಯೋನ್ ನಗರದಲ್ಲಿ 1762ರಲ್ಲಿ ತೆರೆಯಿತು. ಅಲ್ಲಿ ಕಲಿತ ವಿಲಿಯಂ ಮೂರ್‌ಕ್ರಾಫ್ಟ್ 1808ರಲ್ಲಿ ಭಾರತಕ್ಕೆ ಬಂದು ಬಿಹಾರದ ಪೂಸಾದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಶ್ವಶಾಲೆಯ ಮೇಲ್ವಿಚಾರಕನಾದನು. ಹೀಗೆ ಲಾಯದ ಸಾಲೋತ್ರಿಯೂ ಪಾಠಶಾಲೆಯ ವೈದ್ಯನೂ ಒಂದೇ ಕುದುರೆಯ ಬಳಿ ನಿಲ್ಲುವ ಕಾಲ ಬಂದಿತು. ಅವರಿಬ್ಬರನ್ನೂ ಸೋಲಿಸಿದ ರೋಗಗಳಲ್ಲಿ ಒಂದು ‘ಬರಸಾತಿ’. ಬರಸಾತ್ ಎಂದರೆ ಮಳೆಗಾಲ. ಮಳೆಗಾಲದಲ್ಲಿ ಕುದುರೆಯ ಕಾಲು, ತುಟಿಯ ಅಂಚು, ಕಣ್ಣಿನ ಒಳಮೂಲೆ, ಹೊಟ್ಟೆಯ ಅಡಿ ಮೊದಲಾದ ಕಡೆಗಳಲ್ಲಿ ಹುಣ್ಣುಗಳೇಳುತ್ತಿದ್ದವು. ಅವು ಮಾಯದೆ ಹರಡಿ, ಕೆಂಪಾಗಿ ಉಬ್ಬಿ, ತೀವ್ರವಾಗಿ ತುರಿಸುತ್ತಿದ್ದವು. ಅವುಗಳೊಳಗೆ ಗಟ್ಟಿಯಾದ ಹರಳಿನಂಥ ಕಣಗಳು ಸಿಕ್ಕುತ್ತಿದ್ದವು. ಈ ಹರಳುಗಳಿಗೆ ಹಿಂದೂಸ್ತಾನಿಯ ‘ಕಂಕರ್’, ಎಂದರೆ ಜಲ್ಲಿಕಲ್ಲು, ಎಂಬ ಮಾತೇ ಹೆಸರಾಗಿ ನಿಂತಿತು. ಚಳಿಗಾಲ ಬಂದಾಗ ಕೆಲವು ಕುದುರೆಗಳಲ್ಲಿ ಹುಣ್ಣು ತಾನಾಗಿ ಆರುತ್ತಿತ್ತು. ಮರುವರ್ಷ ಮತ್ತೆ ಏಳುತ್ತಿತ್ತು. ಮತ್ತೆ ಕೆಲವು ಕುದುರೆಗಳಲ್ಲಿ ಅದು ಯಾವ ಋತುವನ್ನೂ ಲೆಕ್ಕಿಸದೆ ಮಾಂಸವನ್ನು ಕೊರೆಯುತ್ತ ಹೋಗುತ್ತಿತ್ತು. ರಕ್ತದ ಕೆಡುಕೆಂದು ಕೆಲವರು, ಅರ್ಬುದವೆಂದು ಕೆಲವರು ವಾದಿಸಿದರು. ಸೈನ್ಯದ ಪಶುವೈದ್ಯ ಫ್ರೆಡರಿಕ್ ಸ್ಮಿತ್ 1884ರಲ್ಲಿ ಇದು ಶಿಲೀಂಧ್ರದಿಂದ ಬರುವ ರೋಗವೆಂದು ಪ್ರತಿಪಾದಿಸಿದನು.

ಈ ಒಗಟಿನ ಒಂದು ಕೀಲಿ ಅಷ್ಟರಲ್ಲಿಯೇ ಮುಂಬಯಿಯಲ್ಲಿ ಸಿಕ್ಕಿತ್ತು. ಆದರೆ ಅದು ಯಾವ ಬೀಗದ್ದೆಂದು ಯಾರಿಗೂ ತಿಳಿದಿರಲಿಲ್ಲ. ಅಲ್ಲಿಯ ವೈದ್ಯ ಹೆನ್ರಿ ಜಾನ್ ಕಾರ್ಟರ್ 1861ರಲ್ಲಿ ಮನೆಯ ಸಾಮಾನ್ಯ ನೊಣವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರೊಳಗೆ ವಾಸಿಸುವ ಎಳೆಯಂಥ ಹುಳುವೊಂದನ್ನು ವರ್ಣಿಸಿದನು. ಅದು ನೊಣದ್ದೇ ಹುಳುವೆಂದು ಭಾವಿಸಲಾಯಿತು. ಅತ್ತ ಇಟಲಿಯಲ್ಲಿ ರಿವೋಲ್ಟ ಎಂಬ ಪಂಡಿತನು 1868ರಲ್ಲಿ ಕುದುರೆಯ ಇಂಥದೇ ಹುಣ್ಣಿನೊಳಗೆ ಮರಿಹುಳುಗಳನ್ನು ಕಂಡನು. ನೊಣದ ಹುಳುವಿಗೂ ಹುಣ್ಣಿನ ಹುಳುವಿಗೂ ಇರುವ ನಂಟು ಹೊಳೆಯಲು ಅರ್ಧ ಶತಮಾನ ಬೇಕಾಯಿತು. ಅಮೆರಿಕದ ರ‍್ಯಾನ್ಸಂ 1911ರಿಂದ 1913ರ ಅವಧಿಯಲ್ಲಿ, ಕಾರ್ಟರ್ ಕಂಡ ಹುಳು ವಾಸ್ತವವಾಗಿ ಕುದುರೆಯ ಜಠರದಲ್ಲಿ ಪ್ರೌಢಾವಸ್ಥೆಗೆ ಬರುವ ಕೃಮಿಯೆಂದು ತೋರಿಸಿದನು. ಫ್ರಾನ್ಸಿನ ರಾಯೆ ಮೊದಲಾದವರು 1915ರಲ್ಲಿ ಹುಣ್ಣಿನೊಳಗಿನ ಮರಿಹುಳುಗಳೂ ಅದೇ ವರ್ಗದವೆಂದು ಗುರುತಿಸಿದರು. ಆ ಕೃಮಿಗೆ ಶಾಸ್ತ್ರದಲ್ಲಿ ಹ್ಯಾಬ್ರೊನೀಮ ಎಂದು ಹೆಸರು.

ಆಗ ಇಡೀ ವೃತ್ತಾಂತ ಒಂದು ಚಕ್ರದಂತೆ ಕೂಡಿಕೊಂಡಿತು. ಕುದುರೆಯ ಜಠರದಲ್ಲಿರುವ ಕೃಮಿಯ ಸಂತತಿ ಲದ್ದಿಯೊಡನೆ ಹೊರಬೀಳುತ್ತದೆ. ಲದ್ದಿಯಲ್ಲಿ ಬೆಳೆಯುವ ನೊಣದ ಮರಿಗಳು ಅದನ್ನು ನುಂಗುತ್ತವೆ. ನೊಣ ಬಲಿತು ಹಾರುವ ಹೊತ್ತಿಗೆ ಕೃಮಿಯ ಮರಿಯೂ ಅದರೊಳಗೆ ಸಿದ್ಧವಾಗಿರುತ್ತದೆ. ನೊಣ ಕುದುರೆಯ ತುಟಿಯ ಮೇಲೆ ಕುಳಿತರೆ ಮರಿಹುಳು ಬಾಯಿಯ ಮೂಲಕ ಜಠರವನ್ನು ಸೇರಿ ತನ್ನ ಬಾಳನ್ನು ಪೂರೈಸುತ್ತದೆ. ಗಾಯದ ಮೇಲೆ ಕುಳಿತರೆ ಅದು ದಾರಿತಪ್ಪಿ ಚರ್ಮದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅದಕ್ಕೆ ಬೆಳವಣಿಗೆಯಿಲ್ಲ, ಕುದುರೆಗೆ ನೆಮ್ಮದಿಯಿಲ್ಲ. ಮಳೆಗಾಲಕ್ಕೂ ಹುಣ್ಣಿಗೂ ಇದ್ದ ನಂಟು ಮಳೆಯದಲ್ಲ, ಮಳೆಗಾಲದಲ್ಲಿ ಹೆಚ್ಚುವ ನೊಣದ್ದು.

ಹಾಗಾದರೆ ಸ್ಮಿತ್ ಹೇಳಿದ್ದು ತಪ್ಪೇ? ಅದೂ ಪೂರ್ಣವಾಗಿ ತಪ್ಪಲ್ಲ. ಋತುವನ್ನು ಲೆಕ್ಕಿಸದೆ ಮಾಂಸವನ್ನು ಕೊರೆಯುತ್ತಿದ್ದ ಆ ಎರಡನೆಯ ಬಗೆಯ ಹುಣ್ಣಿಗೆ ನಿಂತ ನೀರಿನಲ್ಲಿ ಬಾಳುವ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಯೊಂದು ಕಾರಣವೆಂದು ಇಪ್ಪತ್ತನೆಯ ಶತಮಾನದಲ್ಲಿ ಸ್ಥಿರಪಟ್ಟಿತು. ಅದಕ್ಕೆ ಪಿಥಿಯಂ ಇನ್ಸಿಡಿಯೋಸಂ ಎಂಬ ಹೆಸರು 1987ರಲ್ಲಿ ನಿಂತಿತು. ಎರಡು ಬೇರೆ ಬೇರೆ ವ್ಯಾಧಿಗಳು ‘ಬರಸಾತಿ’ ಎಂಬ ಒಂದೇ ಹೆಸರಿನ ಕೆಳಗೆ ಅಡಗಿದ್ದವು. ವಾದಿಸಿದವರಲ್ಲಿ ಒಬ್ಬೊಬ್ಬರೂ ಸತ್ಯದ ಒಂದೊಂದು ಭಾಗವನ್ನು ಕಂಡಿದ್ದರು. ಚಿಹ್ನೆಗೆ ಹೆಸರಿಟ್ಟ ಮಾತ್ರಕ್ಕೆ ರೋಗವನ್ನು ಅರಿತಂತಾಗಲಿಲ್ಲ.

ಬರಸಾತಿಯಲ್ಲಿ ಕಣ್ಣಿಗೆ ಕಾಣುವ ಹುಣ್ಣಾದರೂ ಇತ್ತು. ಸ್ಟ್ರಾಂಜೈಲಸ್ ಎಂಬ ವರ್ಗದ ಕೃಮಿಗಳಲ್ಲಿ ಅದೂ ಇಲ್ಲ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ಕುದುರೆ ಇದ್ದಕ್ಕಿದ್ದಂತೆ ಉದರಶೂಲೆಯಿಂದ ಹೊರಳಿ ಸಾಯುವುದು ಲಾಯಗಳಲ್ಲಿ ಹಳೆಯ ಅನುಭವ. ಜರ್ಮನಿಯ ಬೋಲಿಂಗರ್ 1870ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕರುಳಿಗೆ ರಕ್ತವನ್ನೊಯ್ಯುವ ದೊಡ್ಡ ನಾಳದಲ್ಲಿ ಈ ಕೃಮಿಯ ಮರಿಗಳು ಬೀಡುಬಿಟ್ಟು, ನಾಳ ಉಬ್ಬಿ, ಒಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ತುಣುಕುಗಳು ಮುಂದಿನ ನಾಳಗಳನ್ನು ಮುಚ್ಚುವುದೇ ಶೂಲೆಯ ಕಾರಣವೆಂದು ವಿವರಿಸಿದನು. ಹುಲ್ಲಿನೊಡನೆ ಹೊಟ್ಟೆ ಸೇರಿದ ಮರಿ ಆ ನಾಳವನ್ನು ಹೇಗೆ ತಲಪುವುದೆಂಬುದನ್ನು 1950ರ ಸುಮಾರಿಗೆ ಎನಿಕ್ ಎಂಬ ವಿದ್ವಾಂಸನು ಸ್ಪಷ್ಟಪಡಿಸಿದನು. ಈ ಪಯಣ ಮುಗಿದು ಕೃಮಿ ಮೊಟ್ಟೆಯಿಡುವುದಕ್ಕೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಲದ್ದಿಯನ್ನು ಪರೀಕ್ಷಿಸಿದರೂ ಏನೂ ಕಾಣದು. ರೋಮ ಹೊಳೆಯುತ್ತಲೇ ಇರಬಹುದು. ಒಳಗೆ ಮಾತ್ರ ಸಾವಿಗೆ ಸಿದ್ಧತೆ ನಡೆದಿರುತ್ತದೆ. ಈ ವರ್ಗದ ಚಿಕ್ಕ ಕೃಮಿಗಳೂ ಕರುಳಿನ ಗೋಡೆಯಲ್ಲಿ ಮರಿಗಳ ರೂಪದಲ್ಲಿ ಬಹುಕಾಲ ಅವಿತಿದ್ದು, ಒಮ್ಮೆಲೇ ಹೊರಬಿದ್ದಾಗ ಭೀಕರವಾದ ಅತಿಸಾರವನ್ನುಂಟುಮಾಡುತ್ತವೆ. ಹಾಗೆ ಬಾಧಿತವಾದ ಕುದುರೆಗಳಲ್ಲಿ ಅರ್ಧದಷ್ಟು ಸಾಯುವುದುಂಟು.

ಚಿಹ್ನೆ ಕಾಣುವವರೆಗೆ ಕಾಯುವುದು ಅಪಾಯವೆಂದು ಹೀಗೆ ತಿಳಿದ ಮೇಲೆ ಮತ್ತೊಂದು ಅತಿಗೆ ದಾರಿಯಾಯಿತು. 1961ರಲ್ಲಿ ಥಯಾಬೆಂಡಜೋಲ್ ಎಂಬ ಔಷಧ ಬಂದಿತು. 1966ರಲ್ಲಿ ಅಮೆರಿಕದ ಕೆಂಟಕಿಯ ಡ್ರಜ್ ಮತ್ತು ಲಯನ್ಸ್ ಎಂಬ ವಿದ್ವಾಂಸರು ಆರರಿಂದ ಎಂಟು ವಾರಗಳಿಗೊಮ್ಮೆ ಎಲ್ಲ ಕುದುರೆಗಳಿಗೂ ಔಷಧ ಕೊಡುವ ಕ್ರಮವನ್ನು ಸೂಚಿಸಿದರು. 1981ರಲ್ಲಿ ಐವರ್ಮೆಕ್ಟಿನ್ ಬಳಕೆಗೆ ಬಂದಿತು. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಹುಟ್ಟಿದ ಈ ಔಷಧಕ್ಕಾಗಿ ಓಮುರ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಈ ಕ್ರಮದಿಂದ ರಕ್ತನಾಳದ ಕೃಮಿ ಬಹಳಮಟ್ಟಿಗೆ ಹಿಮ್ಮೆಟ್ಟಿತೆಂಬುದು ನಿಜ. ಎಷ್ಟೋ ಕುದುರೆಗಳು ಬದುಕಿದವು. ಆದರೆ ಲಕ್ಷಣವನ್ನು ನೋಡುವ ಅಭ್ಯಾಸ ಅದರೊಡನೆಯೇ ಮರೆಯಾಗತೊಡಗಿತು. ಕುದುರೆಯನ್ನು ನೋಡಿ ಔಷಧ ಕೊಡುವ ಬದಲು ಪಂಚಾಂಗವನ್ನು ನೋಡಿ ಕೊಡುವ ವಾಡಿಕೆ ಬೆಳೆಯಿತು.

ಇದರ ಫಲ ಬೇಗನೆ ಕಾಣಿಸಿತು. ಪ್ರತಿಯೊಂದು ಸಲ ಔಷಧ ಕೊಟ್ಟಾಗಲೂ ಅದಕ್ಕೆ ಸಾಯದೆ ಉಳಿದ ಕೆಲವು ಹುಳುಗಳೇ ಮುಂದಿನ ಪೀಳಿಗೆಗೆ ತಾಯ್ತಂದೆಗಳಾದವು. ಚಿಕ್ಕ ಸ್ಟ್ರಾಂಜೈಲಸ್ ಕೃಮಿಗಳು ಥಯಾಬೆಂಡಜೋಲಿನ ವರ್ಗದ ಔಷಧಗಳಿಗೆ ಮಣಿಯದಾದವು. ಮರಿಗಳ ದುಂಡುಹುಳು ಐವರ್ಮೆಕ್ಟಿನ್ ವರ್ಗದ ಔಷಧವನ್ನೂ ತಡೆದುಕೊಂಡಿತೆಂಬ ವರದಿ 2002ರಲ್ಲಿ ಹಾಲೆಂಡಿನಿಂದ ಬಂದಿತು. ಡೆನ್ಮಾರ್ಕ್ ದೇಶ 1999ರಲ್ಲಿಯೇ ಪಶುವೈದ್ಯನ ಬರಹವಿಲ್ಲದೆ ಇಂಥ ಔಷಧಗಳನ್ನು ಮಾರಬಾರದೆಂದು ಕಟ್ಟುಮಾಡಿತ್ತು. ಅಪಕರ್ಷಣವೊಂದನ್ನೇ ನೆಚ್ಚಿ ನಿದಾನಪರಿವರ್ಜನವನ್ನು ಮರೆತುದರ ಪರಿಣಾಮ ಇದು.

ಈಗಿನ ಪಶುವೈದ್ಯವು ಆ ಮರೆತ ಮೆಟ್ಟಿಲಿಗೆ ಮರಳಿ ಬಂದಿದೆ. ಆಸ್ಟ್ರೇಲಿಯದ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ಗಾರ್ಡನ್ ಮತ್ತು ವಿಟ್‌ಲಾಕ್ 1939ರಲ್ಲಿ ರೂಪಿಸಿದ ಕ್ರಮದಿಂದ ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಕೃಮಿಮೊಟ್ಟೆಗಳಿವೆಯೆಂದು ಎಣಿಸುತ್ತಾರೆ. ಒಂದು ಗುಂಪಿನ ಮೊಟ್ಟೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಕುದುರೆಗಳಿಂದಲೇ ಬರುತ್ತವೆಂಬುದು ಈ ಎಣಿಕೆಯಿಂದ ಗೊತ್ತಾಯಿತು. ಅಂಥವನ್ನು ಗುರುತಿಸಿ ಔಷಧ ಕೊಟ್ಟು, ಹದಿನಾಲ್ಕು ದಿನಗಳ ಸುಮಾರಿಗೆ ಮತ್ತೆ ಎಣಿಸಿ, ಔಷಧ ಫಲಿಸಿತೇ ಎಂದು ನೋಡುತ್ತಾರೆ. ಹುಲ್ಲುಗಾವಲಿನಿಂದ ವಾರಕ್ಕೆರಡು ಸಲ ಲದ್ದಿಯನ್ನು ಎತ್ತಿಹಾಕುವುದು, ಒಂದೇ ಮೈದಾನದಲ್ಲಿ ಮಿತಿಮೀರಿ ಕುದುರೆಗಳನ್ನು ಬಿಡದಿರುವುದು, ಲಾಯದಲ್ಲಿ ನೊಣಕ್ಕೆ ಎಡೆಗೊಡದಿರುವುದು ಇವೇ ಮುಖ್ಯವಾದ ರಕ್ಷಣೋಪಾಯಗಳಾಗಿವೆ. ಪ್ರೌಢ ಕುದುರೆಯ ಒಡಲಿನಿಂದ ಕೊನೆಯ ಕೃಮಿಯನ್ನೂ ಹೊರಹಾಕಬೇಕೆಂಬ ಹಟವನ್ನು ಇಂದಿನ ವೈದ್ಯರು ಬಿಟ್ಟಿದ್ದಾರೆ. ಬಾಧಿಸುವ ಪ್ರಮಾಣಕ್ಕೆ ಅವು ಏರದಂತೆ ನೋಡಿಕೊಳ್ಳುವುದೇ ಗುರಿ. ಕೆಡುಕು ಮಾಡದ ಸಹಜ ಕೃಮಿಗಳನ್ನು ಎಣಿಕೆಯಿಂದ ಬಿಟ್ಟ ಚರಕನ ಮಾತು ಇಲ್ಲಿ ನೆನಪಿಗೆ ಬಾರದಿರದು.

ಪ್ರಾಚೀನರಿಗೆ ಸೂಕ್ಷ್ಮದರ್ಶಕವಿರಲಿಲ್ಲ, ಕೃಮಿಯ ಸಂಚಾರ ಅವರಿಗೆ ತಿಳಿದಿರಲಿಲ್ಲ. ಇಂದಿನದೆಲ್ಲವೂ ಅಂದೇ ಗೊತ್ತಿತ್ತೆಂದು ಹೇಳುವುದು ಶಾಸ್ತ್ರಕ್ಕೂ ಇತಿಹಾಸಕ್ಕೂ ಮಾಡುವ ಅನ್ಯಾಯ. ಆದರೆ ರೋಗವನ್ನು ಕಳೆಯುವುದಕ್ಕೂ ರೋಗಕಾರಣವನ್ನು ದೂರವಿಡುವುದಕ್ಕೂ ಇರುವ ಭೇದವನ್ನು ಅವರು ಸ್ಪಷ್ಟವಾಗಿ ಕಂಡಿದ್ದರು. ಆ ಭೇದವನ್ನು ಮರೆತಲ್ಲಿ ಉತ್ತಮೋತ್ತಮವಾದ ಔಷಧವೂ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಮೊಂಡಾಯಿತು. ಕುದುರೆ ತನ್ನ ನೋವನ್ನು ಹೇಳಲಾರದು. ಪಕ್ಕೆಯತ್ತ ತಿರುಗಿ ನೋಡಬಲ್ಲದು, ಕಂಬಕ್ಕೆ ಬಾಲವನ್ನು ಉಜ್ಜಬಲ್ಲದು, ಅಷ್ಟೆ. ಅನೇಕ ವೇಳೆ ಅಷ್ಟನ್ನೂ ಮಾಡದೆ ಸುಮ್ಮನೆ ನಿಂತಿರುತ್ತದೆ. ಕಂಡ ಚಿಹ್ನೆಯನ್ನು ಅಲಕ್ಷಿಸದ ಕಣ್ಣು, ಕಾಣದ ಕಾರಣವನ್ನು ಹುಡುಕುವ ಬುದ್ಧಿ, ಪ್ರತಿದಿನವೂ ಲದ್ದಿಯನ್ನು ಎತ್ತುವ ಕೈ ಈ ಮೂರೂ ಕೂಡಿದಲ್ಲಿ ಮಾತ್ರ ಅಶ್ವವೈದ್ಯವು ಸಾರ್ಥಕವಾಗುತ್ತದೆ.